ಜಿಮ್‌ನ ಮೊದಲ ವಾರದ ವಾಕರಿಕೆ

ಮೊಣಕಾಲು ನೋವು, ಸೊಂಟ ನೋವು ಅಂತ ನನ್ನ ಹತ್ತಿರ ಬರುವವರಿಗೆ ಫಿಸಿಯೋಥೆರಪಿಯ ಕೊನೆಯಲ್ಲಿ ನಾನು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: ಇನ್ನು ಮುಂದೆ ನಿಮ್ಮ ಸ್ನಾಯುಗಳಿಗೆ ಭಾರ ಎತ್ತುವ ಕೆಲಸ ಕೊಡಿ. ಹಲವರು ಮನಸ್ಸು ಮಾಡುತ್ತಾರೆ. ಹೊಸ ಬೂಟು ಕೊಳ್ಳುತ್ತಾರೆ, ಮೂರು ತಿಂಗಳ ಫೀ ಒಟ್ಟಿಗೇ ಕಟ್ಟುತ್ತಾರೆ, ಜಿಮ್‌ಗೆ ಹೋಗುತ್ತಾರೆ. ಎರಡನೇ ವಾರದ ಹೊತ್ತಿಗೆ ನಿಂತುಬಿಡುತ್ತಾರೆ. ಯಾಕೆ ಬಿಟ್ಟಿರಿ ಅಂತ ಕೇಳಿದರೆ ಮೈಕೈ ನೋವು ಅನ್ನುವವರು ಕಡಿಮೆ. ನೋವನ್ನು ನಮ್ಮ ಜನ ತಡೆದುಕೊಳ್ಳುತ್ತಾರೆ. ಬಿಟ್ಟವರು ಹೇಳುವುದು ಬೇರೆ: "ಹೊಟ್ಟೆ ತೊಳಸಿತ್ರಿ ಮೇಡಂ, ಚಕ್ಕರ್ ಬಂತು, ಕಣ್ಣಿಗೆ ಕತ್ತಲೆ ಬಂತು. ನನಗಲ್ಲ ಬಿಡ್ರಿ ಅದು."

ಈ ವಾಕರಿಕೆಯನ್ನು ಜನ ಎರಡು ರೀತಿ ಅರ್ಥ ಮಾಡಿಕೊಳ್ಳುತ್ತಾರೆ. ವಯಸ್ಸಾದವರು, ಹೆಂಗಸರು, ಸಕ್ಕರೆ ಕಾಯಿಲೆಯವರು ತಮ್ಮ ದೇಹಕ್ಕೆ ಇದು ಒಗ್ಗುವುದಿಲ್ಲ ಅಂದುಕೊಳ್ಳುತ್ತಾರೆ. ಇಪ್ಪತ್ತರ ಹುಡುಗರು ಇದಕ್ಕೆ ತೀರ ತಿರುಗುಮುರುಗು, ವಾಂತಿ ಬಂತೆಂದರೆ ವರ್ಕೌಟ್ ಸರಿಯಾಗಿ ಆಯಿತು ಅಂತ ಹೆಮ್ಮೆಪಡುತ್ತಾರೆ. ಎರಡೂ ತಪ್ಪು. ಹೊಸಬರಿಗೆ ಬರುವ ವಾಕರಿಕೆ ಬಹುಮಟ್ಟಿಗೆ ಪ್ರಮಾಣದ ಪ್ರಶ್ನೆ. ದೇಹ ಇನ್ನೂ ಕಲಿಯದ ಕೆಲಸವನ್ನು ಒಂದೇ ಸಲಕ್ಕೆ ಹೆಚ್ಚಾಗಿ ಕೊಟ್ಟಿದ್ದೀರಿ, ಅಷ್ಟೆ. ಪ್ರಮಾಣ ತಗ್ಗಿಸಿದರೆ ಹೆಚ್ಚಿನವರಿಗೆ ಅದು ಹೋಗುತ್ತದೆ. ಕೆಲವರಿಗೆ ಮಾತ್ರ ಅದು ಬೇರೆ ಏನನ್ನೋ ಹೇಳುತ್ತಿರುತ್ತದೆ. ಈ ಸಭೆಯಲ್ಲಿ ಅವರ ವಿಷಯಕ್ಕೂ ಬರುತ್ತೇನೆ.

ಮೊದಲು ಒಂದು ಸಂಜೆಯ ಮಾತು. ಬೇರೆ ಯಾರದೋ ಕಾಲಿನ ವ್ಯಾಯಾಮ ನೋಡಲು ನಾನು ಜಿಮ್‌ಗೆ ಹೋಗಿದ್ದೆ. ಪಕ್ಕದಲ್ಲಿ ಐವತ್ತರ ಆಸುಪಾಸಿನ ಶಿಕ್ಷಕಿಯೊಬ್ಬರು ಲೆಗ್ ಪ್ರೆಸ್ ಮಷಿನ್ ಮೇಲೆ ಒರಗಿ ಕಾಲಿನಿಂದ ಭಾರ ನೂಕುತ್ತಿದ್ದರು. ಸೇರಿ ಎರಡನೆಯ ದಿನವಂತೆ. ಟ್ರೈನರ್ ಹುಡುಗ ಒಳ್ಳೆಯವನೇ, ಹುರುಪಿನಿಂದ ಎಣಿಸುತ್ತಿದ್ದ: "ಇನ್ನೆರಡ ಅದಾವ್ರಿ ಅಕ್ಕಾರ, ಉಸಿರ ಬಿಗಿಹಿಡೀರಿ, ನೂಕ್ರಿ!" ಮೂರನೇ ಸೆಟ್, ಅಂದರೆ ಬಿಡುವಿಲ್ಲದೆ ಎಣಿಸಿ ಮಾಡುವ ಮೂರನೇ ಸರದಿಯ ಹೊತ್ತಿಗೆ ಅವರ ಮುಖದ ಕೆಂಪು ಇಳಿದು ಬಿಳಿಚಿಕೊಂಡಿತು. ಮೇಲ್ದುಟಿಯ ಮೇಲೆ ಬೆವರ ಹನಿ ಸಾಲುಗಟ್ಟಿತು. ಎರಡು ಸಲ ಆಕಳಿಸಿದರು. ಹುಡುಗ ನಕ್ಕು "ನಿದ್ದಿ ಬಂತೇನ್ರಿ?" ಅಂದ. ಅವರು ಉತ್ತರ ಕೊಡಲಿಲ್ಲ. ಸೆಟ್ ಮುಗಿಸಿ ತಟ್ಟನೆ ಎದ್ದು ನಿಂತು, ನಾಲ್ಕು ಹೆಜ್ಜೆ ನಡೆದು, ಕಂಬ ಹಿಡಿದುಕೊಂಡರು. ಅಲ್ಲೇ ಮಲಗಿಸಿ ಕಾಲನ್ನು ಬೆಂಚಿನ ಮೇಲೆ ಎತ್ತಿಟ್ಟೆವು. ಸ್ವಲ್ಪ ಹೊತ್ತಿಗೆ ತುಟಿಗೆ ಬಣ್ಣ ಬಂತು. ಅವರ ಮೊದಲ ಮಾತು: "ಎಷ್ಟು ಅಶಕ್ತ ಆಗೀನ್ರಿ ನಾ."

ಅವರು ಅಶಕ್ತರಾಗಿರಲಿಲ್ಲ. ಅಂದು ಅವರ ದೇಹದೊಳಗೆ ನಾಲ್ಕು ಸಂಗತಿ ಒಟ್ಟಿಗೆ ನಡೆದಿದ್ದವು. ಒಂದೊಂದೇ ಬಂದಿದ್ದರೆ ಬಹುಶಃ ಗೊತ್ತೇ ಆಗುತ್ತಿರಲಿಲ್ಲ.

ಮೊದಲನೆಯದು ರಕ್ತದ ಹಂಚಿಕೆ. ನಾವು ಸುಮ್ಮನೆ ಕೂತಿರುವಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಅದರಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಹೊಟ್ಟೆ, ಕರುಳು, ಪಿತ್ತಜನಕಾಂಗದ ಕಡೆಗೆ ಹೋಗುತ್ತದೆ. ತೊಡೆಯ ಸ್ನಾಯುಗಳು, ಪೃಷ್ಠದ ಸ್ನಾಯುಗಳು ದೇಹದಲ್ಲೇ ದೊಡ್ಡವು. ಅವು ಜೋರಾಗಿ ದುಡಿಯತೊಡಗಿದಾಗ ರಕ್ತ ಬೇಕೆಂದು ಕೇಳುತ್ತವೆ. ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಓಣಿಗೆ ನೀರು ಬಿಡಬೇಕಾದರೆ ಇನ್ನೊಂದು ಓಣಿಯ ವಾಲ್ವ್ ತಿರುಗಿಸುತ್ತಾರಲ್ಲ, ನರಮಂಡಲ ಹಾಗೆಯೇ ಕರುಳಿನ ಕಡೆಯ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ತೀರಾ ಶ್ರಮದ ವ್ಯಾಯಾಮದಲ್ಲಿ ಕರುಳಿನ ರಕ್ತ ಮೊದಲಿನ ಐದನೇ ಒಂದು ಪಾಲಿನ ತನಕ ಇಳಿಯುವುದುಂಟು. ಹೊಟ್ಟೆಯಲ್ಲಿ ಇದ್ದದ್ದು ಇದ್ದಲ್ಲೇ ನಿಲ್ಲುತ್ತದೆ. ಹೊಟ್ಟೆ ತೊಳಸುತ್ತದೆ. ಕೈಯ ವ್ಯಾಯಾಮದ ದಿನ ಆರಾಮಾಗಿದ್ದವರು ಕಾಲಿನ ದಿನ ವಾಂತಿ ಮಾಡಿಕೊಳ್ಳುವುದಕ್ಕೆ ಕಾರಣ ಇದು. ಜೊತೆಗೆ, ಬಿಡುವಿಲ್ಲದೆ ಸೆಟ್ ಮೇಲೆ ಸೆಟ್ ಮಾಡಿದಾಗ ರಕ್ತದಲ್ಲಿ ಆಮ್ಲೀಯತೆ ಏರುತ್ತದೆ. ರೂಢಿ ಇಲ್ಲದವರಿಗೆ ಅದು ಬೇಗ ಏರುತ್ತದೆ, ನಿಧಾನ ಇಳಿಯುತ್ತದೆ. ಅದೂ ವಾಕರಿಕೆ ತರುತ್ತದೆ.

ಎರಡನೆಯದು ಉಸಿರು. "ಉಸಿರ ಬಿಗಿಹಿಡೀರಿ" ಅಂದನಲ್ಲ ಆ ಹುಡುಗ, ಅದಕ್ಕೆ ಮುನ್ನೂರು ವರ್ಷದ ಹಿಂದಿನ ಒಂದು ಹೆಸರಿದೆ. ಇಟಲಿಯ ಅಂಗರಚನಾ ಶಾಸ್ತ್ರಜ್ಞ ಆಂಟೋನಿಯೊ ಮಾರಿಯಾ ವಾಲ್ಸಾಲ್ವಾ 1704ರಲ್ಲಿ ಕಿವಿಯ ಬಗ್ಗೆ ಬರೆಯುತ್ತಾ, ಬಾಯಿ ಮೂಗು ಮುಚ್ಚಿ ಉಸಿರನ್ನು ಒಳಗೇ ಒತ್ತುವ ಕ್ರಮವನ್ನು ವಿವರಿಸಿದ. ಕಿವಿಗಾಗಿ ಬಂದ ಈ 'ವಾಲ್ಸಾಲ್ವಾ' ಹೆಸರು ಈಗ ಭಾರ ಎತ್ತುವವರ ಬಾಯಲ್ಲಿ ನಿಂತಿದೆ. ಉಸಿರು ಬಿಗಿಹಿಡಿದರೆ ಹೊಟ್ಟೆ, ಎದೆ ಗಟ್ಟಿಯಾಗಿ ಬೆನ್ನಿಗೆ ಆಸರೆ ಸಿಗುತ್ತದೆ, ನಿಜ. ಆದರೆ ಆ ಹೊತ್ತಿಗೆ ರಕ್ತದೊತ್ತಡ ಜಿಗಿಯುತ್ತದೆ. 1985ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ ಪಳಗಿದ ಬಾಡಿಬಿಲ್ಡರ್‌ಗಳ ರಕ್ತನಾಳದೊಳಗೇ ನಳಿಕೆ ಇಟ್ಟು ಅಳೆದರು. ಎರಡೂ ಕಾಲಿನ ಲೆಗ್ ಪ್ರೆಸ್‌ನಲ್ಲಿ ಸರಾಸರಿ ಒತ್ತಡ 320/250 ಮುಟ್ಟಿತ್ತು. ನಾವು 120/80 ಅಂತ ಲೆಕ್ಕ ಇಟ್ಟುಕೊಂಡವರು. ಅವರು ರೂಢಿಯವರು, ಎತ್ತಿದ್ದು ಮೈಯೆಲ್ಲಾ ಸೋಲುವಷ್ಟು ಭಾರ. ನಿಮಗೆ ಅಷ್ಟು ಏರುತ್ತದೆಂದು ನಾನು ಹೆದರಿಸುತ್ತಿಲ್ಲ. ಉಸಿರು ಬಿಟ್ಟ ಕ್ಷಣ ಏರಿದ ಒತ್ತಡ ಥಟ್ಟನೆ ಕೆಳಗಿಳಿಯುತ್ತದೆ. ಆ ಇಳಿತದಲ್ಲೇ ತಲೆ ಹಗುರಾಗುವುದು, ಕಿವಿ ಗುಂಯ್ ಅನ್ನುವುದು. ಆದ್ದರಿಂದ ಹೊಸಬರು ನೂಕುವಾಗ ಉಸಿರು ಹೊರಗೆ ಬಿಡಿ, ಭಾರ ವಾಪಸ್ ತರುವಾಗ ಒಳಗೆ ತೆಗೆದುಕೊಳ್ಳಿ. ನಾನು ಕಲಿಸುವಾಗ ಜೋರಾಗಿ ಎಣಿಸಲು ಹೇಳುತ್ತೇನೆ. ಬಾಯಿ ಬಿಟ್ಟು ಎಣಿಸುವವರಿಗೆ ಉಸಿರು ಕಟ್ಟಿ ಹಿಡಿಯಲು ಬರುವುದಿಲ್ಲ.

ಮೂರನೆಯದು, ತಟ್ಟನೆ ಎದ್ದದ್ದು. ವ್ಯಾಯಾಮ ಮಾಡುವಾಗ ಕಾಲಿನ ರಕ್ತನಾಳಗಳು ಹಿಗ್ಗಿರುತ್ತವೆ. ಮೀನಖಂಡದ ಸ್ನಾಯು ಹಿಂಡಿ ಹಿಂಡಿ ಆ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ನೀವು ನಿಂತಲ್ಲೇ ನಿಂತರೆ ಹಿಂಡುವುದು ನಿಂತುಹೋಗುತ್ತದೆ. ರಕ್ತ ಕಾಲಿನಲ್ಲೇ ತಂಗುತ್ತದೆ, ತಲೆಗೆ ಕಡಿಮೆಯಾಗುತ್ತದೆ. ಒರಗಿ ಮಾಡುವ ಮಷಿನ್ ಇದ್ದರೆ ಮುಗಿದ ಮೇಲೆ ಅಲ್ಲೇ ಕೂತು ಪಾದ ಮೇಲೆ ಕೆಳಗೆ ಆಡಿಸಿ, ಅರ್ಧ ನಿಮಿಷ ಬಿಟ್ಟು ಏಳಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಮರೆಯುವ ಹಾಗೇ ಇಲ್ಲ.

ನಾಲ್ಕನೆಯದನ್ನು ಅವರೇ ಹೇಳಿದರು. ಮಧ್ಯಾಹ್ನ ಒಂದಕ್ಕೆ ಶಾಲೆಯಲ್ಲಿ ಒಂದು ರೊಟ್ಟಿ ತಿಂದವರು ಸಂಜೆ ಏಳರ ತನಕ ಎರಡು ಚಹಾದ ಮೇಲಿದ್ದರು.

ಊಟದ ಬಗ್ಗೆ ನಮ್ಮಲ್ಲಿ ಎರಡೂ ತುದಿ ಇವೆ. ಬೆಳಗಿನವರು ರಾತ್ರಿ ಒಂಬತ್ತಕ್ಕೆ ಉಂಡು, ಬೆಳಿಗ್ಗೆ ಆರಕ್ಕೆ ಖಾಲಿ ಹೊಟ್ಟೆಯಲ್ಲಿ ಬರೀ ಕಾಫಿ ಕುಡಿದು ಬರುತ್ತಾರೆ. ಸಂಜೆಯವರು ಆಫೀಸು ಬಿಟ್ಟ ಕೂಡಲೇ ಗಿರ್ಮಿಟ್ ಜೊತೆ ಎರಡು ಮಿರ್ಚಿ ತಿಂದು ಒಂದು ತಾಸಿಗೆ ಜಿಮ್‌ನಲ್ಲಿ ಇರುತ್ತಾರೆ. ಎಣ್ಣೆಯಲ್ಲಿ ಕರಿದದ್ದು ಹೊಟ್ಟೆಯಿಂದ ಮುಂದೆ ಹೋಗಲು ಮೂರು ನಾಲ್ಕು ತಾಸು ಬೇಕು. ಅದು ಅಲ್ಲೇ ಕೂತಿರುವಾಗ ನೀವು ಬಗ್ಗಿ ಭಾರ ಎತ್ತಿದರೆ ಹುಳಿತೇಗು, ಎದೆಯುರಿ, ವಾಕರಿಕೆ ಬರದೆ ಇನ್ನೇನು? ದೊಡ್ಡ ಊಟವಾದರೆ ಮೂರು ತಾಸು ಬಿಡಿ. ಇಡ್ಲಿ, ಅವಲಕ್ಕಿಯಂಥದ್ದು ಸ್ವಲ್ಪ ತಿಂದಿದ್ದರೆ ಒಂದೂವರೆ ತಾಸು ಸಾಕು. ಏನೂ ತಿನ್ನದೆ ಬರುವವರು ಅರ್ಧ ತಾಸು ಮುಂಚೆ ಒಂದು ಬಾಳೆಹಣ್ಣು ಅಥವಾ ಎರಡು ಖರ್ಜೂರ ತಿನ್ನಿ. ನೀರನ್ನು ಗಟಗಟ ಒಂದು ಬಾಟಲಿ ಕುಡಿದು ಶುರು ಮಾಡಬೇಡಿ. ದಿನವಿಡೀ ಕುಡಿಯಿರಿ, ನಡುವೆ ಗುಟುಕು ಗುಟುಕಾಗಿ ಕುಡಿಯಿರಿ.

ವ್ಯಾಯಾಮಕ್ಕೆ ಮುಂಚೆ ಕಲಸಿ ಕುಡಿಯುವ ಪ್ರೀ-ವರ್ಕೌಟ್ ಪುಡಿಯ ಬಗ್ಗೆ ಕೇಳಿ ಇಲ್ಲಿ ಕೂತ ಹುಡುಗರು ಚೀಟಿ ಕಳಿಸಿದ್ದೀರಿ. ಅದರಲ್ಲಿ ಮುಖ್ಯವಾಗಿ ಇರುವುದು ಕೆಫೀನ್. ಎಷ್ಟೋ ಬ್ರಾಂಡುಗಳ ಒಂದೇ ಚಮಚದಲ್ಲಿ 200 ಮಿಲಿಗ್ರಾಂ, ಅದಕ್ಕಿಂತ ಹೆಚ್ಚೂ ಇರುತ್ತದೆ. ಆರೋಗ್ಯವಂತ ವಯಸ್ಕರಿಗೆ ಇಡೀ ದಿನಕ್ಕೆ 400 ಮಿಲಿಗ್ರಾಂ ಮೀರಬಾರದು ಅನ್ನುತ್ತಾರೆ. ಖಾಲಿ ಹೊಟ್ಟೆಗೆ ಅದನ್ನು ಕುಡಿದು, ಎದೆ ಡವಗುಟ್ಟುತ್ತಿರುವಾಗ ಭಾರ ಎತ್ತಿ, ವಾಕರಿಕೆ ಬಂತು ಅಂತ ದೇಹವನ್ನು ದೂರಬೇಡಿ. ಮೊದಲ ಮೂರು ತಿಂಗಳು ಅದರ ಅಗತ್ಯವೇ ಇಲ್ಲ. ಕೆಲವರಿಗೆ ಹಾಲು ಅರಗುವುದಿಲ್ಲ, ಅಂಥವರು ಪ್ರೋಟೀನ್ ಪುಡಿಯನ್ನು ಹಾಲಲ್ಲಿ ಕಲಸಿ ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ. ತೂಕ ಇಳಿಸುವ ಚುಚ್ಚುಮದ್ದು ಈಗ ಬಂದಿದೆ. ಅದು ಹೊಟ್ಟೆ ಖಾಲಿಯಾಗುವುದನ್ನೇ ನಿಧಾನ ಮಾಡುತ್ತದೆ, ವಾಕರಿಕೆ ಅದರ ಸಾಮಾನ್ಯ ಅಡ್ಡಪರಿಣಾಮ. ತೆಗೆದುಕೊಳ್ಳುವವರು ಅದನ್ನು ಟ್ರೈನರ್‌ಗೆ ಮುಚ್ಚಿಡಬೇಡಿ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಗರಡಿ ಮನೆಗೆ ಹೋಗಿ ಬರೋಣ. ಭಾರ ಎತ್ತುವುದು ಹೊರಗಿನಿಂದ ಬಂದ ಶೋಕಿ ಅಂತ ನನ್ನ ಹತ್ತಿರ ಬರುವ ಹಿರಿಯರು ಹೇಳುತ್ತಾರೆ. ಮೈಸೂರಿನ ಗರಡಿಗಳು, ನಮ್ಮ ಕಡೆಯ ತಾಲೀಮು ಮನೆಗಳು, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆ, ಜೋಳದ ಚೀಲ ಹೊರುವ ಪಂದ್ಯ, ಇವೆಲ್ಲ ಮತ್ತೇನು? ನನಗೆ ಅಲ್ಲಿ ಮೆಚ್ಚುಗೆಯಾಗುವುದು ಕಲ್ಲಿನ ತೂಕವಲ್ಲ, ಕಲಿಕೆಯ ಕ್ರಮ. ಗರಡಿಗೆ ಕಾಲಿಟ್ಟ ಹುಡುಗನಿಗೆ ಯಾರೂ ಮೊದಲ ದಿನ ದೊಡ್ಡ ಗದೆ ಕೊಡುವುದಿಲ್ಲ. ಅವನು ಮಣ್ಣು ಅಗೆಯಬೇಕು, ಹದ ಮಾಡಬೇಕು, ಕೆಲವೇ ಬಸ್ಕಿ ಕೆಲವೇ ದಂಡೆ ಹೊಡೆಯಬೇಕು, ಉಳಿದವರ ಸಾಮು ನೋಡುತ್ತಾ ಕೂರಬೇಕು. ನೂರಾರು ಬಸ್ಕಿ ಹೊಡೆಯುವ ಪೈಲ್ವಾನ ಅಲ್ಲಿಗೆ ವರ್ಷಗಳಲ್ಲಿ ಮುಟ್ಟಿರುತ್ತಾನೆ. ಜಿಮ್‌ನಲ್ಲಿ ಹಣ ಕಟ್ಟಿದ ಮೊದಲ ದಿನವೇ ಎಲ್ಲ ಮಷಿನ್ ಮುಟ್ಟಿಸಿಬಿಡುವ ಆತುರ ಇದೆ. ಗಿರಾಕಿಗೂ ಅದೇ ಬೇಕು, ಮಾಲೀಕನಿಗೂ ಅದೇ ಬೇಕು. ವಾಕರಿಕೆ ಹುಟ್ಟುವುದು ಆ ಆತುರದಲ್ಲಿ.

ಹಾಗಾದರೆ ಹೇಗೆ ಶುರು ಮಾಡಬೇಕು? ಆ ಶಿಕ್ಷಕಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ವಾರಕ್ಕೆ ಎರಡು ದಿನ, ನಡುವೆ ಎರಡು ದಿನ ಬಿಡುವು. ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ಕೇಳುವುದೂ ವಾರಕ್ಕೆ ಕನಿಷ್ಠ ಎರಡು ದಿನದ ಸ್ನಾಯುಬಲದ ವ್ಯಾಯಾಮವನ್ನೇ. ಮೊದಲ ವಾರ ಐದು ವ್ಯಾಯಾಮ ಸಾಕು, ಒಂದೊಂದಕ್ಕೂ ಒಂದೇ ಸೆಟ್. ಕಾಲಿನದು ಒಂದು ಮಾಡಿದರೆ ಮುಂದಿನದು ಕೈಯದು, ಮತ್ತೆ ಕಾಲಿನದು. ಹೀಗೆ ಅದಲು ಬದಲು ಮಾಡಿದರೆ ದೊಡ್ಡ ಸ್ನಾಯುಗಳಿಗೆ ಬಿಡುವು ಸಿಗುತ್ತದೆ. ಎರಡು ವ್ಯಾಯಾಮಗಳ ನಡುವೆ ಎರಡು ಮೂರು ನಿಮಿಷ ಕೂರಿ. ಹಿಂದೆ ಯಾರೋ ಮಷಿನ್‌ಗೆ ಕಾಯುತ್ತಿದ್ದಾರೆ ಅಂತ ಸಂಕೋಚ ಪಡಬೇಡಿ, ಅವರಿಗೆ ಬಿಟ್ಟುಕೊಟ್ಟು ಪಕ್ಕದಲ್ಲಿ ಕೂರಿ. ಭಾರ ಎಷ್ಟು? ಹತ್ತು ಸಲ ಎತ್ತಿದ ಮೇಲೆ "ಇನ್ನೂ ನಾಲ್ಕು ಎತ್ತಬಲ್ಲೆ" ಅನ್ನಿಸಬೇಕು. ಅಷ್ಟಕ್ಕೇ ನಿಲ್ಲಿಸಿ. ಮನೆಗೆ ಹೋಗುವಾಗ "ಇಷ್ಟೇನಾ?" ಅನ್ನಿಸಿದರೆ ಮೊದಲ ವಾರ ಸರಿಯಾಗಿ ನಡೆದಿದೆ. ಎರಡನೇ ಸೆಟ್ ಮೂರನೇ ವಾರಕ್ಕೆ ಇರಲಿ.

ಇಷ್ಟು ಕಡಿಮೆ ಮಾಡಿದರೆ ಉಪಯೋಗವೇನು ಅಂತ ಕೇಳುತ್ತೀರಿ. ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಬಲ ಸ್ನಾಯು ದಪ್ಪವಾಗಿ ಬಂದದ್ದಲ್ಲ. ಇರುವ ಸ್ನಾಯುವನ್ನು ಒಟ್ಟಿಗೆ ದುಡಿಸಿಕೊಳ್ಳಲು ನರಗಳು ಕಲಿತದ್ದರಿಂದ ಬಂದದ್ದು. ಕಲಿಕೆಗೆ ಬೇಕಾದದ್ದು ಮತ್ತೆ ಮತ್ತೆ ಬರುವುದು, ಒಂದು ದಿನ ನೆಲಕ್ಕೆ ಬೀಳುವಷ್ಟು ದುಡಿಯುವುದಲ್ಲ. ಮೈಕೈ ನೋವಿನ ವಿಷಯದಲ್ಲೂ ಅಷ್ಟೆ. ಆ ನೋವು ಒಂದರಿಂದ ಮೂರು ದಿನದೊಳಗೆ ಏರಿ, ಆಮೇಲೆ ಇಳಿಯುತ್ತದೆ. ಒಮ್ಮೆ ಸ್ವಲ್ಪ ಮಾಡಿದ ಸ್ನಾಯುವಿಗೆ ಮುಂದಿನ ಸಲ ಅದೇ ಕೆಲಸದಿಂದ ಅಷ್ಟು ಪೆಟ್ಟಾಗುವುದಿಲ್ಲ.

ಇಷ್ಟಾದರೂ ವಾಕರಿಕೆ ಬಂತು ಅಂದುಕೊಳ್ಳಿ. ಭಾರ ಕೆಳಗಿಡಿ, ಆ ಸೆಟ್ ಮುಗಿಸಲೇಬೇಕೆಂಬ ಹಟ ಬೇಡ. ತಲೆ ಸುತ್ತು ಇಲ್ಲದೆ ಬರೀ ಹೊಟ್ಟೆ ತೊಳಸುತ್ತಿದ್ದರೆ ಫ್ಯಾನಿನ ಗಾಳಿಗೆ ನಿಧಾನ ಅಡ್ಡಾಡಿ. ಕಣ್ಣಿಗೆ ಕತ್ತಲೆ ಬರುತ್ತಿದ್ದರೆ, ಆಕಳಿಕೆ ಮೇಲೆ ಆಕಳಿಕೆ ಬಂದು ತಣ್ಣನೆ ಬೆವರುತ್ತಿದ್ದರೆ ಬಾತ್‌ರೂಮಿಗೆ ಓಡಬೇಡಿ, ಇದ್ದಲ್ಲೇ ಮಲಗಿ. ಒಬ್ಬರೇ ಎದ್ದು ಹೋಗಿ ಬಾಗಿಲು ಚಿಲಕ ಹಾಕಿಕೊಂಡು ಒಳಗೆ ಬೀಳುವವರಿದ್ದಾರೆ, ಅದೇ ನನಗೆ ಎಲ್ಲಕ್ಕಿಂತ ದೊಡ್ಡ ಭಯ. ಮಲಗಿ ಕಾಲು ಎತ್ತರಕ್ಕಿಡಿ. ವಾಂತಿ ಬರುವಂತಿದ್ದರೆ ಮಗ್ಗುಲಾಗಿ. ಸರಿಹೋದ ಮೇಲೆ ಮೊದಲು ಕೂರಿ, ಆಮೇಲೆ ನಿಲ್ಲಿ. ಚಿಟಿಕೆ ಉಪ್ಪು ಹಾಕಿದ ನಿಂಬೆ ಶರಬತ್ತು ಗುಟುಕರಿಸಿ. ಹತ್ತಿಪ್ಪತ್ತು ನಿಮಿಷದಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ಅವತ್ತಿನ ವ್ಯಾಯಾಮ ಅಲ್ಲಿಗೆ ಮುಗಿಯಿತು.

ಬೆಂಚಿನ ಮೇಲೆ ಮಲಗಿದಾಗ, ಅಥವಾ ಮಲಗಿ ತಲೆ ಹೊರಳಿಸಿದಾಗ ಮಾತ್ರ ಇಡೀ ಕೋಣೆ ಗರಗರ ತಿರುಗಿ, ಒಂದು ನಿಮಿಷದೊಳಗೆ ನಿಂತು, ಜೊತೆಗೆ ವಾಕರಿಕೆ ಬಂದರೆ ಅದು ರಕ್ತದೊತ್ತಡದ್ದಲ್ಲ, ಒಳಗಿವಿಯ ತೊಂದರೆ ಇರಬಹುದು. ಒಳಗಿವಿಯ ಸಣ್ಣ ಹರಳುಗಳು ಜಾಗ ತಪ್ಪಿದಾಗ ಹೀಗಾಗುತ್ತದೆ. ಐವತ್ತು ದಾಟಿದ ಹೆಂಗಸರಲ್ಲಿ ಇದು ಹೆಚ್ಚು. ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ಜಾಗಕ್ಕೆ ಕಳಿಸುವ ಚಿಕಿತ್ಸೆ ಇದೆ, ಎಷ್ಟೋ ಸಲ ಒಂದೇ ಭೇಟಿಯಲ್ಲಿ ಗುಣವಾಗುತ್ತದೆ. ಇದು ಗೊತ್ತಿಲ್ಲದೆ ವ್ಯಾಯಾಮ ಬಿಟ್ಟವರನ್ನು ನೋಡಿ ನನಗೆ ಸಂಕಟವಾಗುತ್ತದೆ.

ಸಕ್ಕರೆ ಕಾಯಿಲೆಯವರು ಇದನ್ನು ಗಮನವಿಟ್ಟು ಕೇಳಿ. ಸ್ನಾಯು ಬಲಪಡಿಸುವುದು ನಿಮಗೆ ಎಲ್ಲರಿಗಿಂತ ಹೆಚ್ಚು ಬೇಕು, ಯಾಕೆಂದರೆ ಉಂಡ ಸಕ್ಕರೆಯನ್ನು ಎಳೆದುಕೊಳ್ಳುವ ದೊಡ್ಡ ಜಾಗ ಸ್ನಾಯುವೇ. ಆದರೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು, ತಿನ್ನದೆ ವ್ಯಾಯಾಮ ಮಾಡಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಕೈ ನಡುಕ, ತಣ್ಣನೆ ಬೆವರು, ವಾಕರಿಕೆ, ಮಾತು ತಡವರಿಸುವುದು ಅದರ ಗುರುತು. ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಜಿಮ್ ಚೀಲದಲ್ಲಿ ಸಕ್ಕರೆ ಪೊಟ್ಟಣ ಸದಾ ಇರಲಿ. ಹೆಂಗಸರು ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ. ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುವವರಿಗೆ ಬೇಕಾದದ್ದು ಮೊದಲು ಆ ಪರೀಕ್ಷೆ.

ಇನ್ನು ಹೃದಯದ ಮಾತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ಅವತ್ತು ಈ ನಾಡಿನಲ್ಲಿ ಅಳದ ಮನೆ ಕಡಿಮೆ. ಆಮೇಲಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಜನ ಮುಗಿಬಿದ್ದರು, ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ಜಿಮ್‌ನಿಂದ ಬಿಡಿಸಿದರು. ತಪಾಸಣೆ ಮಾಡಿಸಿದ್ದು ಒಳ್ಳೆಯದಾಯಿತು, ಬಿಡಿಸಿದ್ದು ಆಗಲಿಲ್ಲ. ನಿಯಮಿತ ವ್ಯಾಯಾಮ ಹೃದಯದ ಅಪಾಯವನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ಕೂತಲ್ಲೇ ಇದ್ದವರು ಒಮ್ಮೆಲೇ ಭಾರೀ ಶ್ರಮ ಮಾಡಿದಾಗ, ಆ ಸ್ವಲ್ಪ ಹೊತ್ತಿಗೆ ಮಾತ್ರ ಅಪಾಯ ಏರುತ್ತದೆ. ನಿಧಾನ ಶುರು ಮಾಡಿ ಅಂತ ನಾನು ಗೋಗರೆಯುವುದು ಅದಕ್ಕೂ ಹೌದು.

ವಾಕರಿಕೆಯ ಜೊತೆ ಎದೆ ಒತ್ತಿದಂತಾದರೆ, ನೋವು ಎಡಗೈ, ದವಡೆ, ಬೆನ್ನಿಗೆ ಹರಿದರೆ, ವಿಶ್ರಾಂತಿ ತೆಗೆದುಕೊಂಡರೂ ಏದುಸಿರು ಇಳಿಯದಿದ್ದರೆ, ವ್ಯಾಯಾಮದ ನಡುವೆಯೇ ಪ್ರಜ್ಞೆ ತಪ್ಪಿದರೆ ಗ್ಯಾಸ್ ಅಂತ ಸೋಡಾ ಕುಡಿಯುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಇರುವಲ್ಲಿಗೆ ಹೋಗಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ಎದೆನೋವೇ ಇಲ್ಲದೆ ಬರೀ ವಾಕರಿಕೆ, ಬೆವರು, ವಿಪರೀತ ಸುಸ್ತಾಗಿ ಬರುವುದುಂಟು. ಮತ್ತೊಂದು, ವ್ಯಾಯಾಮ ಅತಿಯಾಗಿ ಮಾಡಿದ ಒಂದರಿಂದ ಮೂರು ದಿನದೊಳಗೆ ಸ್ನಾಯು ಊದಿ, ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಅದರ ಸಾರ ಮೂತ್ರಪಿಂಡಕ್ಕೆ ಹೋಗುತ್ತಿದೆ ಎಂದರ್ಥ. ರೂಢಿಯಿಲ್ಲದೆ ಪಂದ್ಯ ಕಟ್ಟಿ ನೂರಾರು ಬಸ್ಕಿ ಹೊಡೆದವರಿಗೆ ಇದಾಗುತ್ತದೆ. ಅವತ್ತೇ ಆಸ್ಪತ್ರೆಗೆ ಹೋಗಬೇಕು, ಮರುದಿನಕ್ಕೆ ತಳ್ಳಬಾರದು.

ಜಿಮ್ ನಡೆಸುವವರೂ ಇಲ್ಲಿ ಕೂತಿದ್ದೀರಿ, ನಿಮ್ಮಲ್ಲಿ ಒಂದು ಕೋರಿಕೆ. ಸೇರುವಾಗ ನೀವು ತುಂಬಿಸಿಕೊಳ್ಳುವ ಫಾರ್ಮಿನಲ್ಲಿ ಫೋಟೋಗೆ ಜಾಗ ಇದೆ, ಫೀಗೆ ಜಾಗ ಇದೆ. ಅದರಲ್ಲಿ ಇನ್ನು ಮೂರು ಸಾಲು ಸೇರಿಸಿ: ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ನಡೆಯುವಾಗ ಎದೆ ಬಿಗಿಯುವುದು ಉಂಟೇ, ಹಿಂದೆ ಎಂದಾದರೂ ಪ್ರಜ್ಞೆ ತಪ್ಪಿದ್ದಿದೆಯೇ. ಇವತ್ತು ಎಷ್ಟು ಹೊತ್ತಿಗೆ ಏನು ತಿಂದಿರಿ ಅಂತ ಪ್ರತಿದಿನ ಬಾಯಲ್ಲೇ ಕೇಳಿ. ಹೊಸಬರನ್ನು ಮೊದಲ ವಾರ ಲೆಗ್ ಪ್ರೆಸ್ ಮೇಲೆ ಮೂರು ಸೆಟ್ ಮಾಡಿಸಬೇಡಿ. ಬಿಟ್ಟು ಹೋದವರ ಫೋನ್ ನಂಬರ್ ನಿಮ್ಮಲ್ಲೇ ಇದೆ. ಅವರಿಗೆ ಕರೆ ಮಾಡಿ, ಫೀ ನೆನಪಿಸಬೇಡಿ, ಯಾಕೆ ಬಿಟ್ಟಿರಿ ಅಂತ ಕೇಳಿ. ಹೊಟ್ಟೆ ತೊಳಸಿತು ಅಂದವರಿಗೆ, ಬನ್ನಿ, ಈ ಸಲ ಒಂದೇ ಸೆಟ್ ಮಾಡೋಣ ಅನ್ನಿ.